ಗಾಣದಿಂದ ಇ. ಕೊಲೈವರೆಗೆ: ಎಣ್ಣೆಯ ಒಂದು ಚರಿತ್ರೆ

ಇಟಗಿಯ ಮಹಾದೇವ ದೇವಾಲಯ ನೋಡಿದವರು ಕಂಬಗಳ ನುಣುಪಿನ ಬಗ್ಗೆ ಮಾತಾಡ್ತಾರೆ, ಗೋಪುರದ ಬಗ್ಗೆ ಮಾತಾಡ್ತಾರೆ. ಹಳೆ ಯಲಬುರ್ಗಾ ತಾಲೂಕಿನ ಈ ಗುಡಿಯನ್ನು 1112ರಲ್ಲಿ ಆರನೇ ವಿಕ್ರಮಾದಿತ್ಯನ ದಂಡನಾಯಕ ಮಹಾದೇವ ಕಟ್ಟಿಸಿದ. ಅಲ್ಲಿನ ಶಾಸನ ಅದನ್ನು ದೇವಾಲಯ ಚಕ್ರವರ್ತಿ ಅಂತ ಕರೆದಿದೆ. ಯಾರೂ ಕೇಳದ ಒಂದು ಪ್ರಶ್ನೆ ಇದೆ: ಅಷ್ಟು ದೊಡ್ಡ ಗುಡಿಯ ದೀಪಕ್ಕೆ ದಿನಾ ಎಣ್ಣೆ ಎಲ್ಲಿಂದ ಬರ್ತಿತ್ತು?

ಉತ್ತರ ಆ ಕಾಲದ ಶಾಸನಗಳಲ್ಲೇ ಇದೆ. ಕಲ್ಯಾಣ ಚಾಲುಕ್ಯರ ಕಾಲದ ದಾನಶಾಸನಗಳನ್ನು ಓದ್ತಾ ಹೋದರೆ ಭೂಮಿ, ತೋಟ, ಮನೆ ನಿವೇಶನದ ಜೊತೆಗೆ ಮತ್ತೆ ಮತ್ತೆ ಸಿಗೋ ಒಂದು ಪದ 'ಗಾಣ'. ಒಂದು ಗಾಣವನ್ನೇ ದೇವರಿಗೆ ಬಿಟ್ಟುಕೊಡ್ತಿದ್ರು, ಇಲ್ಲವೇ ಊರಿನ ಗಾಣಗಳಿಂದ ಇಷ್ಟು ಸೊಲಗೆ ಎಣ್ಣೆ ನಂದಾದೀವಿಗೆಗೆ ಬರಬೇಕು ಅಂತ ಕಟ್ಟು ಮಾಡ್ತಿದ್ರು. ಎಣ್ಣೆ ತೆಗೆಯೋ ಸಮುದಾಯಕ್ಕೆ ತೆಲ್ಲಿಗರೈವತ್ತೊಕ್ಕಲು ಅಂತ ಸಂಘವೇ ಇತ್ತು; ದಾನ ಕೊಡುವವರ ಸಾಲಿನಲ್ಲಿ ಸೆಟ್ಟಿಗಳ ಜೊತೆ ಅವರ ಹೆಸರೂ ಬರ್ತದೆ. ಹನ್ನೆರಡನೇ ಶತಮಾನದ ಶರಣರಲ್ಲಿ ಗಾಣದ ಕಣ್ಣಪ್ಪ ಅನ್ನೋ ವಚನಕಾರನೇ ಇದ್ದಾನೆ.

ಅಂದ್ರೆ ಒಂಬೈನೂರು ವರ್ಷದ ಹಿಂದೆಯೇ ನಮ್ಮ ಕಡೆ ಎಣ್ಣೆಗೆ ಒಂದು ಪೂರ್ತಿ ವ್ಯವಸ್ಥೆ ಇತ್ತು. ಎರಿ ಹೊಲದಲ್ಲಿ ಬೀಜ, ಊರಲ್ಲಿ ಗಾಣ, ಗುಡಿಯಲ್ಲಿ ದೀಪ. ಈ ಸರಪಳಿಯ ಮೊದಲ ಕೊಂಡಿ ಹೊಲ. ಎಣ್ಣೆ ಬೇಕು ಅಂದ್ರೆ ಬೀಜ ಬೇಕು, ಬೀಜ ಬೇಕು ಅಂದ್ರೆ ಮಳೆ ಬೇಕು. ಈ ಮಾತನ್ನು ಯಾರೂ ಪ್ರಶ್ನೆ ಮಾಡೋ ಅಗತ್ಯವೇ ಇರಲಿಲ್ಲ. ಪ್ರಶ್ನೆ ಹುಟ್ಟಿದ್ದು ಈಚೆಗೆ, 1990ರ ದಶಕದಲ್ಲಿ, ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದ ಒಂದು ಪ್ರಯೋಗಾಲಯದಲ್ಲಿ. ಹೊಲವಿಲ್ಲದೆ, ಬೀಜವಿಲ್ಲದೆ, ಬರೀ ಬ್ಯಾಕ್ಟೀರಿಯಾದಿಂದ ಎಣ್ಣೆಯ ಮೂಲವಸ್ತು ತೆಗೆಯಬಹುದು ಅಂತ ಅಲ್ಲಿ ಗೊತ್ತಾಯ್ತು. ಗಾಣದಿಂದ ಅಲ್ಲಿಯವರೆಗಿನ ದಾರಿ ನಾವು ಅಂದುಕೊಂಡಷ್ಟು ದೂರದ್ದಲ್ಲ. ಅದು ಮೈಸೂರು, ಹೈದರಾಬಾದ್ ಹಾಯ್ದು ಹೋಗ್ತದೆ. ನಮ್ಮ ಗಂಗಾವತಿಯ ರೈಸ್ ಮಿಲ್ಲಿನ ಹಿಂದಿನ ಬಾಗಿಲನ್ನೂ ಮುಟ್ಟಿಕೊಂಡು ಹೋಗ್ತದೆ.

ಗಾಣದಿಂದಲೇ ಶುರು ಮಾಡೋಣ.

ಗಾಣ ಅಂದ್ರೆ ಒಂದು ದೊಡ್ಡ ಒರಳು, ಅದರೊಳಗೆ ವಾಲಿ ನಿಂತ ಒಂದು ದಪ್ಪ ಒನಕೆ, ಅದಕ್ಕೆ ಕಟ್ಟಿದ ಭಾರ, ಸುತ್ತೋ ಎತ್ತು. ನೋಡೋಕೆ ಸರಳ. ಆದರೆ ಬೀಜದೊಳಗಿನ ಎಣ್ಣೆ ಹೊರಗೆ ಬರಬೇಕಾದ್ರೆ ಜೀವಕೋಶದ ಗೋಡೆ ಒಡೀಬೇಕು, ಒಡೆದ ಹಿಟ್ಟಿಗೆ ಸರಿಯಾದ ಹೊತ್ತಿಗೆ ಒಂದಿಷ್ಟು ನೀರು ಬೀಳಬೇಕು, ಬಿಸಿ ಮಿತಿ ಮೀರಬಾರದು. ಕುಸುಬಿಗೆ ಬೇಕಾದ ಹದ ಶೇಂಗಾಕ್ಕೆ ಬೇಡ, ಎಳ್ಳಿನ ಹದ ಗುರೆಳ್ಳಿಗೆ ಆಗಲ್ಲ. ಗಾಣಿಗರ ಕೈಗೆ ಮಾತ್ರ ಗೊತ್ತಿದ್ದ ಈ ವಿದ್ಯೆಯ ಚರಿತ್ರೆ ಬರೆದವರು ಒಬ್ಬ ಕನ್ನಡನಾಡಿನ ವಿಜ್ಞಾನಿ: ಕೆ.ಟಿ. ಅಚ್ಚಯ್ಯ. 1923ರಲ್ಲಿ ಕೊಳ್ಳೇಗಾಲದಲ್ಲಿ ಹುಟ್ಟಿದ ಅಚ್ಚಯ್ಯನವರನ್ನು ಜನ ಇವತ್ತು ಭಾರತದ ಆಹಾರದ ಇತಿಹಾಸಕಾರ ಅಂತ ನೆನೀತಾರೆ. ಮೂಲತಃ ಅವರು ಎಣ್ಣೆಯ ರಸಾಯನಶಾಸ್ತ್ರಜ್ಞ. ಭಾರತದ ಗಾಣದ ಮೇಲೆಯೇ 1993ರಲ್ಲಿ ಇಡೀ ಒಂದು ಪುಸ್ತಕ ಪ್ರಕಟಿಸಿದರು.

ಇಂಗ್ಲೆಂಡಿನ ಲಿವರ್‌ಪೂಲಿನಲ್ಲಿ ಟಿ.ಪಿ. ಹಿಲ್ಡಿಚ್ ಅನ್ನೋ ಹೆಸರಾಂತ ಪ್ರೊಫೆಸರ್ ಜೊತೆ ಅಚ್ಚಯ್ಯ ಕೆಲಸ ಮಾಡಿದರು. ಆಕಳು ಮತ್ತು ಎಮ್ಮೆ ಹಾಲಿನ ಕೊಬ್ಬಿನಲ್ಲಿ ಯಾವ ಯಾವ ಕೊಬ್ಬಿನಾಮ್ಲಗಳು ಎಷ್ಟೆಷ್ಟಿವೆ ಅಂತ ಇಬ್ಬರೂ ಸೇರಿ ಬರೆದ ಪ್ರಬಂಧ 1950ರಲ್ಲಿ ಬಂತು. ಆಮೇಲೆ ಅಚ್ಚಯ್ಯ ಬಂದಿದ್ದು ಹೈದರಾಬಾದಿಗೆ. ಅಲ್ಲಿ ನಿಜಾಮರ ಸರ್ಕಾರ 1944ರಲ್ಲಿ ಶುರು ಮಾಡಿದ್ದ ಸೆಂಟ್ರಲ್ ಲ್ಯಾಬೊರೇಟರಿ ಇತ್ತು; ಮುಂದೆ ಅದೇ ರೀಜನಲ್ ರಿಸರ್ಚ್ ಲ್ಯಾಬೊರೇಟರಿ ಆಯ್ತು, ಇವತ್ತಿನ ಐಐಸಿಟಿ. ಆ ಪ್ರಯೋಗಾಲಯ ಶುರುವಾದಾಗ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಎಲ್ಲವೂ ಹೈದರಾಬಾದ್ ಸಂಸ್ಥಾನದಲ್ಲೇ ಇದ್ದವು. ಕೊಪ್ಪಳ ಸಾಲಾರ್ ಜಂಗರ ಜಾಗೀರು. ಶೇಂಗಾ, ಎಳ್ಳು, ಔಡಲ ಬೆಳೆಯೋ ಸಂಸ್ಥಾನ ತನ್ನ ಪ್ರಯೋಗಾಲಯದಲ್ಲಿ ಎಣ್ಣೆಯ ವಿಭಾಗ ಬೆಳೆಸಿದ್ದು ಸಹಜವೇ.

ಇಷ್ಟೊತ್ತು 'ಕೊಬ್ಬಿನಾಮ್ಲ' ಅಂದೆ. ಏನದು?

ಎಣ್ಣೆಯ ಒಂದು ಅಣುವನ್ನು ನೊಗ ಅಂತ ಕಲ್ಪಿಸಿಕೊಳ್ಳಿ. ನಮ್ಮ ನೊಗಕ್ಕೆ ಎರಡು ಎತ್ತು, ಈ ನೊಗಕ್ಕೆ ಮೂರು. ನೊಗದ ಹೆಸರು ಗ್ಲಿಸರಿನ್. ಎತ್ತುಗಳೇ ಕೊಬ್ಬಿನಾಮ್ಲಗಳು, ಅಂದ್ರೆ ಫ್ಯಾಟಿ ಆ್ಯಸಿಡ್‌ಗಳು. ಒಂದೊಂದೂ ಇಂಗಾಲದ ಉದ್ದನೆಯ ಸರಪಳಿ. ಸರಪಳಿ ಎಷ್ಟುದ್ದ, ಅದರಲ್ಲಿ ಎಷ್ಟು ಕಡೆ ಬಾಗು ಇದೆ ಅನ್ನೋದರ ಮೇಲೆ ಎಣ್ಣೆಯ ಗುಣ ನಿಲ್ತದೆ. ಹನ್ನೆರಡು ಇಂಗಾಲದ ಲಾರಿಕ್ ಆಮ್ಲ ತೆಂಗಿನೆಣ್ಣೆಯಲ್ಲಿ ಜಾಸ್ತಿ. ಸೋಪು ಚೆನ್ನಾಗಿ ನೊರೆ ಬರೋದು ಅದರಿಂದ. ಹದಿನಾರರ ಪಾಮಿಟಿಕ್ ತಾಳೆಯಲ್ಲಿ. ಹದಿನೆಂಟು ಇಂಗಾಲ, ಎರಡು ಬಾಗು ಇರೋ ಲಿನೋಲೆಯಿಕ್ ನಮ್ಮ ಕುಸುಬಿ ಎಣ್ಣೆಯ ಸುಮಾರು ಮುಕ್ಕಾಲು ಪಾಲು. ಔಡಲೆಣ್ಣೆಯಲ್ಲಿ ಇನ್ನೊಂದು ವಿಚಿತ್ರ ಎತ್ತು ಇದೆ, ರಿಸಿನೋಲೆಯಿಕ್. ಅದಕ್ಕೆ ಪಕ್ಕದಲ್ಲಿ ಒಂದು ಕೊಂಬು ಅಂಟಿದ ಹಾಗೆ ಆಮ್ಲಜನಕ, ಜಲಜನಕದ ಗುಂಪು ಇರ್ತದೆ. ಔಡಲೆಣ್ಣೆ ಅಷ್ಟು ಮಂದ ಇರೋದು, ಯಂತ್ರಕ್ಕೂ ಬಣ್ಣಕ್ಕೂ ಬೇಕಾಗೋದು ಇದೇ ಕಾರಣಕ್ಕೆ.

ನೊಗದಿಂದ ಎತ್ತು ಬಿಚ್ಚೋ ಕೆಲಸ ಮನುಷ್ಯ ಸಾವಿರಾರು ವರ್ಷದಿಂದ ಮಾಡ್ತಾ ಬಂದಿದ್ದಾನೆ, ಏನು ಮಾಡ್ತಿದ್ದೀನಿ ಅಂತ ಗೊತ್ತಿಲ್ಲದೆ. ಎಣ್ಣೆಗೆ ಕಾಸ್ಟಿಕ್ ಸೋಡಾ ಹಾಕಿ ಕುದಿಸಿದರೆ ಎತ್ತುಗಳು ಬಿಚ್ಚಿಕೊಂಡು ಸೋಡಿಯಂ ಜೊತೆ ಸೇರ್ತಾವೆ. ಅದೇ ಸೋಪು. ಒಳಗೆ ನಡೆಯೋದು ಇದು ಅಂತ 1811ರಿಂದ ಮುಂದಿನ ಹನ್ನೆರಡು ವರ್ಷ ಕೂತು ಬಿಡಿಸಿದವನು ಫ್ರಾನ್ಸಿನ ಶೆವ್ರಲ್. ನೂರೆರಡು ವರ್ಷ ಬದುಕಿ 1889ರಲ್ಲಿ ತೀರಿಕೊಂಡ. ಅವನ ವಿದ್ಯೆ ನಮ್ಮ ನಾಡಿಗೆ ಬಂದಿದ್ದು ಮೊದಲನೇ ಮಹಾಯುದ್ಧದ ಹೊತ್ತಿಗೆ. ಯುದ್ಧದಿಂದಾಗಿ ಮೈಸೂರು ಸಂಸ್ಥಾನದ ಶ್ರೀಗಂಧ ಹೊರಗೆ ಹೋಗದೆ ಉಳಿದಾಗ ಗಂಧದೆಣ್ಣೆ ಇಲ್ಲೇ ಬಟ್ಟಿ ಇಳಿಸೋ ಕೆಲಸ ಶುರುವಾಯ್ತು. ನಾಲ್ವಡಿ ಕೃಷ್ಣರಾಜ ಒಡೆಯರ್, ವಿಶ್ವೇಶ್ವರಯ್ಯ, ಸೋಸಲೆ ಗರಳಪುರಿ ಶಾಸ್ತ್ರಿಗಳ ಹೆಸರಿನೊಂದಿಗೆ ಸೇರಿಕೊಂಡ ಬೆಂಗಳೂರಿನ ಸರ್ಕಾರಿ ಸೋಪ್ ಫ್ಯಾಕ್ಟರಿಯ ಕಥೆ ಎಲ್ಲರಿಗೂ ಗೊತ್ತು. ಮೈಸೂರ್ ಸ್ಯಾಂಡಲ್‌ನಲ್ಲಿ ಗಂಧದ ವಾಸನೆ ಎಲ್ಲರಿಗೂ ಕಾಣ್ತದೆ. ಆದರೆ ಸೋಪು ಸೋಪಾಗಿರೋದು ಕೊಬ್ಬಿನಾಮ್ಲದಿಂದ.

ಈಗ ಗಂಗಾವತಿಗೆ ಬರೋಣ.

1953ರಲ್ಲಿ ತುಂಗಭದ್ರಾ ಅಣೆಕಟ್ಟು ಸಿದ್ಧವಾಗಿ ಎಡದಂಡೆ ಕಾಲುವೆಯಲ್ಲಿ ನೀರು ಹರಿದ ಮೇಲೆ ಗಂಗಾವತಿ, ಕಾರಟಗಿ ಕಡೆ ಜೋಳದ ಹೊಲಗಳು ಭತ್ತದ ಗದ್ದೆ ಆದವು. ಭತ್ತದ ಹಿಂದೆ ರೈಸ್ ಮಿಲ್ಲುಗಳು ಬಂದವು. ಮಿಲ್ಲಿನಲ್ಲಿ ಅಕ್ಕಿ ಮುಂದಿನ ಬಾಗಿಲಿಂದ ಹೋದರೆ, ಹಿಂದೆ ಹೊಟ್ಟು ಮತ್ತು ತೌಡು ಉಳೀತಾವೆ. ತೌಡಿನಲ್ಲಿ ನೂರಕ್ಕೆ ಹದಿನೈದರಿಂದ ಇಪ್ಪತ್ತು ಪಾಲು ಎಣ್ಣೆ ಇದೆ. ಹಾಗಿದ್ರೂ ಬಹಳ ಕಾಲ ತೌಡಿನೆಣ್ಣೆ ಅಂದ್ರೆ ಸೋಪಿಗೆ ಹೋಗೋ ಎಣ್ಣೆ ಅಂತಲೇ ಲೆಕ್ಕ. ಕಾರಣ ಒಂದು ಎನ್‌ಜೈಮು. ಹೆಸರು ಲೈಪೇಸ್.

ಅಕ್ಕಿ ಕಾಳಿನೊಳಗೆ ಎಣ್ಣೆ ಒಂದು ಕೋಣೆಯಲ್ಲಿ ಇರ್ತದೆ, ಲೈಪೇಸ್ ಇನ್ನೊಂದು ಕೋಣೆಯಲ್ಲಿ. ನಡುವೆ ಗೋಡೆ. ಕಾಳು ಇಡಿಯಾಗಿರೋ ತನಕ ಇಬ್ಬರಿಗೂ ಭೇಟಿ ಇಲ್ಲ, ಜಗಳ ಇಲ್ಲ. ಮಿಲ್ಲಿನಲ್ಲಿ ಪಾಲಿಶ್ ಮಾಡಿದ ಕ್ಷಣ ಗೋಡೆ ಒಡೆದು ಎರಡೂ ಕಲೀತಾವೆ. ಲೈಪೇಸು ನೊಗದಿಂದ ಎತ್ತುಗಳನ್ನು ಬಿಚ್ಚೋಕೆ ಶುರು ಮಾಡ್ತದೆ. ಗಂಟೆ ಗಂಟೆಗೂ ಬಿಡಿ ಕೊಬ್ಬಿನಾಮ್ಲ ಏರ್ತಾ ಹೋಗಿ, ಒಂದೆರಡು ದಿನದಲ್ಲಿ ತೌಡು ಕಮಟು. ತಿನ್ನೋ ಎಣ್ಣೆ ಬೇಕು ಅಂದ್ರೆ ತೌಡನ್ನು ಬೇಗನೆ ಹಬೆಯಲ್ಲಿ ಬಿಸಿ ಮಾಡಿ ಲೈಪೇಸಿನ ಶಕ್ತಿ ಮುರೀಬೇಕು. ಕುದಿಸಿದ ಭತ್ತದ ಅಕ್ಕಿ, ಅಂದ್ರೆ ಕುಸುಬಲಕ್ಕಿ ಮಾಡೋ ಮಿಲ್ಲಿನ ತೌಡು ಚೆನ್ನಾಗಿ ತಾಳೋದು ಇದೇ ಕಾರಣಕ್ಕೆ: ಅಲ್ಲಿ ಬಿಸಿ ಮೊದಲೇ ಬಿದ್ದಿರ್ತದೆ.

ಈ ತೌಡಿನ ಕಥೆಯನ್ನು ನೆನಪಿಟ್ಟುಕೊಳ್ಳಿ. ಕೋಣೆ ಬೇರೆ ಇದ್ದ ಎನ್‌ಜೈಮು ತಪ್ಪಿದ ಕೋಣೆಗೆ ಬಂದರೆ ಬಿಡಿ ಕೊಬ್ಬಿನಾಮ್ಲ ರಾಶಿ ಬೀಳ್ತದೆ. ಮಿಲ್ಲಿನವರಿಗೆ ಇದು ನಷ್ಟ. ಬ್ಯಾಕ್ಟೀರಿಯಾ ಎಂಜಿನಿಯರುಗಳಿಗೆ ಇದೇ ಲಾಟರಿ.

ಅಲ್ಲಿಗೆ ಹೋಗೋ ಮುಂಚೆ, ಜೀವಕೋಶ ಕೊಬ್ಬಿನಾಮ್ಲವನ್ನು ಹೇಗೆ ಕಟ್ತದೆ ಅಂತ ಗೊತ್ತಾಗಬೇಕಿತ್ತು. ಅದು 1950, 60ರ ದಶಕದ ಕೆಲಸ. ಜರ್ಮನಿಯ ಫಿಯೊಡೊರ್ ಲೂನೆನ್, ಅಮೆರಿಕದಲ್ಲಿದ್ದ ಕೊನ್ರಾಡ್ ಬ್ಲಾಕ್ ಈ ಕ್ಷೇತ್ರದ ಕೆಲಸಕ್ಕೆ 1964ರಲ್ಲಿ ನೊಬೆಲ್ ಪಡೆದರು. ಸಾಲಿಹ್ ವಾಕಿಲ್, ರಾಯ್ ವ್ಯಾಗೆಲೋಸ್ ಮುಂತಾದವರು ಉಳಿದ ಹೆಜ್ಜೆಗಳನ್ನು ಬಿಡಿಸಿದರು. ಒಟ್ಟು ಸಾರ ಇಷ್ಟು: ಸಕ್ಕರೆ ಮುರಿದು ಎರಡು ಇಂಗಾಲದ ತುಂಡು ಆಗ್ತದೆ. ಒಂದು ಸಣ್ಣ ಪ್ರೋಟೀನು ಬೆಳೆಯೋ ಸರಪಳಿಯನ್ನು ಬೆನ್ನ ಮೇಲೆ ಹೊತ್ತು ಒಂದು ಎನ್‌ಜೈಮಿನಿಂದ ಇನ್ನೊಂದಕ್ಕೆ ತಿರುಗ್ತದೆ. ಪ್ರತಿ ಸುತ್ತಿಗೆ ಎರಡು ಇಂಗಾಲ ಸೇರ್ತಾವೆ. ಏಳು ಸುತ್ತು ಸುತ್ತಿದರೆ ಹದಿನಾರು ಇಂಗಾಲದ ಪಾಮಿಟಿಕ್. ಗಾಣದೆತ್ತು ಸುತ್ತಿದ ಹಾಗೇ. ಹೊಲದ ಕುಸುಬಿ ಗಿಡದಲ್ಲಿ, ನಮ್ಮ ಯಕೃತ್ತಿನಲ್ಲಿ, ನಮ್ಮ ಕರುಳಲ್ಲಿರೋ ಇ. ಕೊಲೈ ಬ್ಯಾಕ್ಟೀರಿಯಾದಲ್ಲಿ ನಡೆಯೋದು ಮೂಲದಲ್ಲಿ ಇದೇ ಲೆಕ್ಕ.

ಆದರೆ ಇ. ಕೊಲೈ ಎಣ್ಣೆ ಕೂಡಿಡೋ ಜೀವಿ ಅಲ್ಲ. ಅದಕ್ಕೆ ಕೊಬ್ಬಿನಾಮ್ಲ ಬೇಕಾಗಿರೋದು ಮೈ ಸುತ್ತಲಿನ ಪೊರೆ ಕಟ್ಟೋಕೆ ಮಾತ್ರ. ಸಾಕಷ್ಟು ಆದ ಕೂಡಲೇ ಸರಪಳಿ ಹೊತ್ತ ಪ್ರೋಟೀನುಗಳು ಸಾಲು ನಿಂತು, ಮೊದಲನೇ ಹೆಜ್ಜೆಯ ಎನ್‌ಜೈಮುಗಳಿಗೆ 'ಸಾಕು, ನಿಲ್ಲಿಸು' ಅಂತ ಸಂದೇಶ ಕೊಡ್ತಾವೆ. ನಾವು ಕೋಡ್ ಬರೆಯೋರು ಇದಕ್ಕೆ ಫೀಡ್‌ಬ್ಯಾಕ್ ಲೂಪ್ ಅಂತೀವಿ. ಕ್ಯೂ ತುಂಬಿದರೆ ಮುಂದಿನ ರಿಕ್ವೆಸ್ಟ್ ತಗೊಳ್ಳಬೇಡ, ಅಷ್ಟೇ.

1973ರಲ್ಲಿ ಸ್ಟ್ಯಾನ್ಲಿ ಕೊಹೆನ್, ಹರ್ಬರ್ಟ್ ಬಾಯರ್ ಒಂದು ಜೀವಿಯ ಜೀನನ್ನು ಕತ್ತರಿಸಿ ಇ. ಕೊಲೈಗೆ ಸೇರಿಸೋ ದಾರಿ ತೋರಿಸಿದರು. 1978ರಲ್ಲಿ ಇದೇ ಬ್ಯಾಕ್ಟೀರಿಯಾ ಮನುಷ್ಯರ ಇನ್ಸುಲಿನ್ ಕೊಟ್ಟಿತು. 1982ಕ್ಕೆ ಅದು ಔಷಧ ಅಂಗಡಿಗೆ ಬಂತು. ಎಣ್ಣೆಯ ವಿಷಯದಲ್ಲಿ ಮಾತ್ರ ಮೊದಲ ದೊಡ್ಡ ಸುದ್ದಿ ಉಲ್ಟಾ ದಿಕ್ಕಿನದು, ಮತ್ತು ಅದನ್ನು ಮಾಡಿದವರು ಬಂಗಾಳದಲ್ಲಿ ಹುಟ್ಟಿದ ಆನಂದ ಮೋಹನ ಚಕ್ರವರ್ತಿ. ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿದ್ದಾಗ, ಸಮುದ್ರಕ್ಕೆ ಚೆಲ್ಲಿದ ಕಚ್ಚಾ ತೈಲವನ್ನು ತಿಂದು ಹಾಕೋ ಬ್ಯಾಕ್ಟೀರಿಯಾ ರೂಪಿಸಿದರು. ಜೀವಿಗೆ ಪೇಟೆಂಟ್ ಕೊಡಬಹುದಾ ಅನ್ನೋ ವ್ಯಾಜ್ಯ ಅಮೆರಿಕದ ಸುಪ್ರೀಂ ಕೋರ್ಟಿನ ತನಕ ಹೋಯ್ತು. 1980ರ ಜೂನ್ 16ರಂದು ಐದು-ನಾಲ್ಕರ ಬಹುಮತದಲ್ಲಿ ಕೋರ್ಟು 'ಕೊಡಬಹುದು' ಅಂತು. ಈ ತೀರ್ಪನ್ನು ಹಗುರಾಗಿ ತಗೊಳ್ಳಬೇಡಿ. ಗಾಣವನ್ನು ಯಾರು ಬೇಕಾದ್ರೂ ಕೆತ್ತಿಸಬಹುದಿತ್ತು. ಇನ್ನು ಮುಂದಿನ ಗಾಣಕ್ಕೆ ಮಾಲೀಕ ಇರ್ತಾನೆ ಅಂತ ತೀರ್ಮಾನ ಆದದ್ದು ಅವತ್ತು.

ಈಗ ಇಲಿನಾಯ್. ಜಾನ್ ಕ್ರೋನನ್ ಇ. ಕೊಲೈನ ಕೊಬ್ಬಿನಾಮ್ಲದ ಬಗ್ಗೆ ಜೀವಮಾನ ಕೆಲಸ ಮಾಡಿದವರು. ಈ ಬ್ಯಾಕ್ಟೀರಿಯಾದಲ್ಲಿ ಟೆಸ್-ಎ ಅನ್ನೋ ಎನ್‌ಜೈಮು ಇದೆ. ಸರಪಳಿ ಹೊತ್ತ ಪ್ರೋಟೀನಿನ ಬೆನ್ನಿಂದ ಸರಪಳಿಯನ್ನು ಕತ್ತರಿಸೋ ಶಕ್ತಿ ಅದಕ್ಕಿದೆ. ಆದರೆ ಅದು ಇರೋದು ಹೊರಗಿನ ಪಡಸಾಲೆಯಲ್ಲಿ, ಎರಡು ಪೊರೆಗಳ ನಡುವಿನ ಜಾಗದಲ್ಲಿ. ಸರಪಳಿ ಕಟ್ಟೋ ಕೆಲಸ ನಡೆಯೋದು ಒಳಮನೆಯಲ್ಲಿ. ಆ ಎನ್‌ಜೈಮನ್ನು ಪಡಸಾಲೆಗೆ ಕಳಿಸೋದು ಅದರ ತುದಿಗೆ ಅಂಟಿದ ಒಂದು ಸಣ್ಣ ವಿಳಾಸಚೀಟಿ. ಚೋ ಮತ್ತು ಕ್ರೋನನ್ ಆ ವಿಳಾಸಚೀಟಿ ಕಿತ್ತುಹಾಕಿದರು. ಎನ್‌ಜೈಮು ಒಳಮನೆಯಲ್ಲೇ ಉಳೀತು. ಸಾಲು ನಿಂತ ಸರಪಳಿಗಳನ್ನೆಲ್ಲ ಕತ್ತರಿಸ್ತಾ ಹೋಯ್ತು. ಕ್ಯೂ ಖಾಲಿ, 'ನಿಲ್ಲಿಸು' ಅನ್ನೋ ಸಂದೇಶವೇ ಇಲ್ಲ. ಜೀವಕೋಶ ಇನ್ನೂ ಬೇಕೇನೋ ಅಂದುಕೊಂಡು ಕಟ್ತಾನೇ ಹೋಯ್ತು, ಬಿಡಿ ಕೊಬ್ಬಿನಾಮ್ಲ ಹೊರಗಿನ ನೀರಿಗೆ ಬಂದು ಸೇರಿತು. 1995ರಲ್ಲಿ ಇದು ಪ್ರಕಟವಾಯ್ತು.

ಗಂಗಾವತಿಯ ತೌಡಿನಲ್ಲಿ ನಡೆಯೋದೂ ಇದೇ ಅಲ್ವಾ? ಎನ್‌ಜೈಮು ಬೇರೆ, ಕೊಂಡಿ ಬೇರೆ, ಆದರೆ ತರ್ಕ ಒಂದೇ. ಕೋಣೆ ಬದಲಾದರೆ ಕೆಲಸ ಬದಲಾಗ್ತದೆ. ಮಿಲ್ಲಿನವರು ಹಬೆ ಹಾಯಿಸಿ ನಿಲ್ಲಿಸೋಕೆ ಒದ್ದಾಡೋದನ್ನು ಕ್ರೋನನ್ ಬೇಕಂತಲೇ ಮಾಡಿದರು.

ಇದೇ ಹೊತ್ತಿಗೆ ಕ್ಯಾಲಿಫೋರ್ನಿಯಾದ ಕ್ಯಾಲ್ಜೀನ್ ಕಂಪನಿಯ ಟೋನಿ ವೋಲ್ಕರ್ ತಂಡ ಇನ್ನೊಂದು ಬೀಗ ತೆಗೆದಿತ್ತು. ಕ್ಯಾಲಿಫೋರ್ನಿಯಾ ಬೇ ಅನ್ನೋ ಮರದಲ್ಲಿ ಸರಪಳಿಯನ್ನು ಹನ್ನೆರಡು ಇಂಗಾಲಕ್ಕೇ ಕತ್ತರಿಸೋ ಎನ್‌ಜೈಮು ಇದೆ. ಆ ಜೀನನ್ನು ಬೇರೆ ಗಿಡಕ್ಕೆ ಹಾಕಿದರೆ ಅದೂ ಲಾರಿಕ್ ಕೊಡ್ತದೆ ಅಂತ 1992ರಲ್ಲಿ ತೋರಿಸಿದರು, ಆಮೇಲೆ ಇ. ಕೊಲೈಗೂ ಹಾಕಿದರು. ಬ್ಯಾಕ್ಟೀರಿಯಾ ತಾನು ಮಾಡಿದ ಕೊಬ್ಬಿನಾಮ್ಲವನ್ನು ತಾನೇ ತಿನ್ನದ ಹಾಗೆ ಫ್ಯಾಡ್-ಡಿ ಅನ್ನೋ ಜೀನು ಕೆಲಸ ಮಾಡದ ತಳಿಯನ್ನು ಅದಕ್ಕೆ ಬಳಸಿದರು. ಅಲ್ಲಿಗೆ ಮೂರು ಹತೋಟಿ ಕೈಗೆ ಬಂದವು: ಎಷ್ಟು ಕಟ್ಟಬೇಕು, ಎಷ್ಟುದ್ದಕ್ಕೆ ಕತ್ತರಿಸಬೇಕು, ತಿಂದು ಹಾಕದಂತೆ ಹೇಗೆ ತಡೀಬೇಕು. 1995ರಲ್ಲೇ ಔಡಲದ ಆ ಕೊಂಬು ಅಂಟಿಸೋ ಎನ್‌ಜೈಮಿನ ಜೀನೂ ಸಿಕ್ಕಿತು. ತೆಂಗಿನ ಗುಣ, ಔಡಲದ ಗುಣ ಎಲ್ಲ ಈಗ ಜೀನಿನ ಲೆಕ್ಕದಲ್ಲಿ ಬರೆದಿಡಬಹುದಾದ ಮಾಹಿತಿ ಆಗಿಬಿಟ್ಟವು.

ಆಮೇಲೆ ದುಡ್ಡು ಬಂತು. 2005ರಲ್ಲಿ ಜಾರ್ಜ್ ಚರ್ಚ್, ಕ್ರಿಸ್ ಸೊಮರ್‌ವಿಲ್ ಇವರ ಜೊತೆಗಾರಿಕೆಯಲ್ಲಿ ಎಲ್‌ಎಸ್‌9 ಅನ್ನೋ ಕಂಪನಿ ಹುಟ್ಟಿತು. ಇ. ಕೊಲೈಯಿಂದಲೇ ಡೀಸೆಲ್ ತೆಗೆಯೋದು ಗುರಿ. 2008ರ ಜುಲೈನಲ್ಲಿ ಕಚ್ಚಾ ತೈಲ ಬ್ಯಾರಲ್ಲಿಗೆ 147 ಡಾಲರ್ ಮುಟ್ಟಿದಾಗ ಇದು ಹುಚ್ಚುತನ ಅಂತ ಯಾರಿಗೂ ಅನಿಸಲಿಲ್ಲ. 2010ರಲ್ಲಿ ಜೇ ಕೀಸ್ಲಿಂಗ್ ತಂಡ ಎಲ್‌ಎಸ್‌9 ಜೊತೆ ಸೇರಿ ಒಂದು ಹೆಜ್ಜೆ ಮುಂದೆ ಹೋಯ್ತು. ಅವರ ಇ. ಕೊಲೈ ಕೊಬ್ಬಿನಾಮ್ಲವನ್ನು ಬಯೋಡೀಸೆಲ್ ಆಗಿ ಒಳಗೇ ಬದಲಾಯಿಸ್ತಿತ್ತು. ಅಷ್ಟೇ ಅಲ್ಲ, ಹುಲ್ಲು ಕಡ್ಡಿಯಲ್ಲಿರೋ ಹೆಮಿಸೆಲ್ಯುಲೋಸನ್ನು ಮುರಿದು ತಾನೇ ಆಹಾರ ಮಾಡಿಕೊಳ್ಳೋ ಎನ್‌ಜೈಮುಗಳನ್ನೂ ಅದಕ್ಕೆ ಕೊಟ್ಟಿದ್ದರು.

ಹಾಗಾದ್ರೆ ಇವತ್ತು ಪೆಟ್ರೋಲ್ ಬಂಕಿನಲ್ಲಿ ಬ್ಯಾಕ್ಟೀರಿಯಾ ಡೀಸೆಲ್ ಯಾಕಿಲ್ಲ? ಉತ್ತರ ಹತ್ತನೇ ಕ್ಲಾಸಿನ ಗಣಿತ. ಒಂದು ಪಾಮಿಟಿಕ್ ಅಣುವಿಗೆ ಎಂಟು ಎರಡಿಂಗಾಲದ ತುಂಡು ಬೇಕು. ಒಂದು ಗ್ಲೂಕೋಸಿನಿಂದ ಎರಡು ತುಂಡು ಸಿಗ್ತಾವೆ, ಉಳಿದ ಎರಡು ಇಂಗಾಲ ಗಾಳಿಗೆ ಹೋಗ್ತಾವೆ. ಅಂದ್ರೆ ನಾಲ್ಕು ಗ್ಲೂಕೋಸು. ತೂಕದಲ್ಲಿ ಹೇಳೋದಾದ್ರೆ 720 ಗ್ರಾಂ ಸಕ್ಕರೆಗೆ 256 ಗ್ರಾಂ ಕೊಬ್ಬಿನಾಮ್ಲ, ಹೆಚ್ಚುಕಡಿಮೆ ಮೂರು ಕೆ.ಜಿ.ಗೆ ಒಂದು ಕೆ.ಜಿ. ಇದು ಕಾಗದದ ಮೇಲಿನ ಮಿತಿ. ನಿಜವಾದ ಟ್ಯಾಂಕಿನಲ್ಲಿ ಬ್ಯಾಕ್ಟೀರಿಯಾ ತಾನೂ ತಿಂದು ಬೆಳೀಬೇಕು, ಹಾಗಾಗಿ ಇನ್ನೂ ಕಡಿಮೆ. ಸಕ್ಕರೆ ಕೆ.ಜಿ.ಗೆ 40 ರೂಪಾಯಿ ಅಂತ ಹಿಡಿದರೆ ಬರೀ ಸಕ್ಕರೆಗೇ 120 ರೂಪಾಯಿ. ಟ್ಯಾಂಕು, ಕರೆಂಟು, ಗಾಳಿ ಊದೋದು, ಸೋಸೋದು, ಸಂಬಳ ಎಲ್ಲ ಇನ್ನೂ ಬಾಕಿ. ಕುಸುಬಿ ಗಿಡವೂ ಒಳಗೆ ಇದೇ ಲೆಕ್ಕದಲ್ಲಿ ಇಂಗಾಲ ಕಳಕೊಳ್ತದೆ. ಆದರೆ ಅದರ ಸಕ್ಕರೆಯ ಬಿಲ್ಲು ಕಟ್ಟೋದು ಸೂರ್ಯ.

ಬೆಂಗಳೂರಿನಲ್ಲೇ ಹೋಲಿಕೆ ಸಿಗ್ತದೆ. ಬಯೋಕಾನ್ 2004ರಲ್ಲಿ ಯೀಸ್ಟಿನಿಂದ ತಯಾರಿಸಿದ ಇನ್ಸುಲಿನ್ ಮಾರುಕಟ್ಟೆಗೆ ತಂತು. ಅಂಥದೇ ಸ್ಟೀಲ್ ಟ್ಯಾಂಕು, ಅಂಥದೇ ಜೀನ್ ವಿದ್ಯೆ. ಆದರೆ ಇನ್ಸುಲಿನ್ ಮಾರೋದು ಮಿಲಿಗ್ರಾಂ ಲೆಕ್ಕದಲ್ಲಿ, ಎಣ್ಣೆ ಮಾರೋದು ಟ್ಯಾಂಕರ್ ಲೆಕ್ಕದಲ್ಲಿ. ಮೊದಲನೆಯದಕ್ಕೆ ಸಕ್ಕರೆಯ ರೇಟು ಮುಖ್ಯವೇ ಅಲ್ಲ, ಎರಡನೆಯದಕ್ಕೆ ಅದೇ ಎಲ್ಲ. ಎಲ್‌ಎಸ್‌9 ಅನ್ನು 2014ರಲ್ಲಿ ರಿನ್ಯೂವಬಲ್ ಎನರ್ಜಿ ಗ್ರೂಪ್ ಕೊಂಡುಕೊಂಡಿತು. ಅದೇ ವರ್ಷದ ಕೊನೆಗೆ ಕಚ್ಚಾ ತೈಲದ ಬೆಲೆ ಕುಸೀತು, 2016ರ ಜನವರಿಗೆ 30 ಡಾಲರಿಗಿಂತ ಕೆಳಗೆ ಬಂತು. ಪಾಚಿಯಿಂದ ಎಣ್ಣೆ ತೆಗೀತೀವಿ ಅಂತ ಹೊರಟಿದ್ದ ಸೊಲಾಜೈಮ್, ಟೆರಾವಿಯಾ ಅಂತ ಹೆಸರು ಬದಲಿಸಿಕೊಂಡು 2017ರಲ್ಲಿ ದಿವಾಳಿ ಅರ್ಜಿ ಹಾಕಿತು.

ಹಾಗಂತ ವಿದ್ಯೆ ಸತ್ತಿಲ್ಲ, ಅಡ್ಡದಾರಿ ಹಿಡಿದಿದೆ. ಅಗ್ಗದ ಡೀಸೆಲ್ ಬಿಟ್ಟು ದುಬಾರಿ ಕೊಬ್ಬಿನಾಮ್ಲಗಳ ಕಡೆ ತಿರುಗಿದೆ. ಮೀನೆಣ್ಣೆಯಲ್ಲಿರೋ ಒಮೆಗಾ-3 ಆಮ್ಲವನ್ನು ಯೀಸ್ಟಿನಿಂದ ತೆಗೆದು ಡ್ಯುಪಾಂಟ್ ಮಾರಾಟ ಮಾಡಿತು. ನಮ್ಮಲ್ಲೂ ಬೇರು ಇದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಮ್ ರಾಜಶೇಖರನ್ ಅವರ ತಂಡ, ಎಣ್ಣೆ ಕೂಡಿಡೋ ಒಂದು ಯೀಸ್ಟಿನಲ್ಲಿ ಎಣ್ಣೆ ಕಟ್ಟೋ ಎನ್‌ಜೈಮುಗಳು ಪೊರೆಗೆ ಅಂಟಿಕೊಳ್ಳದೆ ಒಂದೇ ಗುಂಪಾಗಿ ಜೀವರಸದಲ್ಲಿ ಇರ್ತಾವೆ ಅಂತ 2001ರಲ್ಲಿ ತೋರಿಸಿತು. ಇಲ್ಲೂ ಮತ್ತೆ ಯಾವ ಕೋಣೆ ಅನ್ನೋದೇ ಪ್ರಶ್ನೆ. ರಾಜಶೇಖರನ್ ಮುಂದೆ ಮೈಸೂರಿನ ಸಿಎಫ್‌ಟಿಆರ್‌ಐ ನಿರ್ದೇಶಕರಾದರು. ಅಚ್ಚಯ್ಯನವರು ತಮ್ಮ ಕೊನೆಯ ವೃತ್ತಿವರ್ಷಗಳನ್ನು ಕಳೆದದ್ದೂ ಅದೇ ಸಂಸ್ಥೆಯಲ್ಲಿ.

ಇದೆಲ್ಲ ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ರೈತನಿಗೆ ಯಾಕೆ ಬೇಕು?

ಬೇಕು. ಯಾಕಂದ್ರೆ 'ನಿನ್ನ ಹೊಲ ಬೇಡ, ಎಣ್ಣೆ ಬೇರೆ ಕಡೆಯಿಂದ ಬರ್ತದೆ' ಅನ್ನೋ ಮಾತು ಅವನಿಗೆ ಹೊಸದಲ್ಲ, ಬ್ಯಾಕ್ಟೀರಿಯಾ ಇಲ್ಲದೆಯೇ ಒಂದು ಸಲ ಕೇಳಿಸಿಕೊಂಡಿದ್ದಾನೆ. ಮೊದಲು ಸೋತಿದ್ದು ಗಾಣ. ಗಾಣದ ಹಿಂಡಿಯಲ್ಲಿ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಎಣ್ಣೆ ಉಳೀತಿತ್ತು. ಎಕ್ಸ್‌ಪೆಲರ್ ಅದನ್ನು ಆರೇಳಕ್ಕೆ ಇಳಿಸಿತು. ಹೆಕ್ಸೇನ್ ಹಾಕಿ ತೊಳೆಯೋ ಸಾಲ್ವೆಂಟ್ ಕಾರ್ಖಾನೆ ಒಂದಕ್ಕಿಂತ ಕೆಳಗೆ ತಂತು. ಗಾಣಿಗರು ಬೇರೆ ಕೆಲಸ ನೋಡಿಕೊಂಡರು. ಆದರೆ ಹೊಲ ಉಳೀತು. 1980ರಲ್ಲಿ ಬೆಂಗಳೂರು ಕೃಷಿ ವಿಶ್ವವಿದ್ಯಾಲಯ ದೇಶದ ಮೊದಲ ಸೂರ್ಯಕಾಂತಿ ಹೈಬ್ರಿಡ್ ಬಿಎಸ್‌ಎಚ್-1 ಬಿಡುಗಡೆ ಮಾಡಿತು. 1984ರಲ್ಲಿ ಎಣ್ಣೆಬೀಜ ಬೆಳೆಗಾರರ ಸಹಕಾರಿ ಮಹಾಮಂಡಳ ಬಂತು, 1986ರಲ್ಲಿ ಕೇಂದ್ರದ ಎಣ್ಣೆಬೀಜ ಮಿಷನ್. ಎರಿ ಹೊಲಗಳು ಹಳದಿ ಆದವು.

1994ರಲ್ಲಿ ತಾಳೆ ಎಣ್ಣೆ ಆಮದು ಮುಕ್ತ ಆಯ್ತು. 1997ರಲ್ಲಿ ಬಾಗೇಪಲ್ಲಿ ಕಡೆ ಸೂರ್ಯಕಾಂತಿಗೆ ನೆಕ್ರೋಸಿಸ್ ರೋಗ ಕಾಣಿಸಿಕೊಂಡು ಹಬ್ಬಿತು. ಒಂದು ಕಡೆ ರೋಗ, ಇನ್ನೊಂದು ಕಡೆ ಬಿದ್ದ ರೇಟು. ರೈತರು ಮೆಕ್ಕೆಜೋಳಕ್ಕೆ ಹೋದರು. ಈಗ ದೇಶ ತಿನ್ನೋ ಎಣ್ಣೆಯ ಅರ್ಧಕ್ಕಿಂತ ಹೆಚ್ಚು ಹಡಗಿನಲ್ಲಿ ಬರ್ತದೆ. 2022ರ ಫೆಬ್ರವರಿಯಲ್ಲಿ ಉಕ್ರೇನ್ ಯುದ್ಧ ಶುರುವಾಯ್ತು, ಏಪ್ರಿಲ್‌ನಲ್ಲಿ ಇಂಡೋನೇಷ್ಯಾ ತಾಳೆ ಎಣ್ಣೆ ರಫ್ತು ನಿಲ್ಲಿಸಿತು. ಸೂರ್ಯಕಾಂತಿ ಬೆಳೆಯೋದನ್ನು ಬಿಟ್ಟ ಊರಿನವರೇ ಕಿರಾಣಿ ಅಂಗಡಿಯಲ್ಲಿ ಸೂರ್ಯಕಾಂತಿ ಎಣ್ಣೆಯ ಪಾಕೀಟಿನ ರೇಟು ಕೇಳಿ ಸುಮ್ಮನೆ ನಿಂತರು.

ಹಾಗಾಗಿ ಬ್ಯಾಕ್ಟೀರಿಯಾದ ಎಣ್ಣೆ ಬಂದಾಗ ಮೂರು ಪ್ರಶ್ನೆ ಕೇಳಬೇಕು ಅಂತ ನನಗನಿಸ್ತದೆ. ಮೊದಲನೆಯದು, ಅದು ಏನು ತಿಂತದೆ? ಕಬ್ಬಿನ ಸಕ್ಕರೆ ತಿಂದರೆ ಎಣ್ಣೆಬೀಜದ ಒಣ ಹೊಲದಿಂದ ದುಡ್ಡು ಕಾಲುವೆ ನೀರಿನ ಹೊಲಕ್ಕೆ ಹೋಯ್ತು ಅಂತಲೇ ಅರ್ಥ. ಗಂಗಾವತಿಯ ಭತ್ತದ ಹುಲ್ಲು ತಿಂದರೆ ಲೆಕ್ಕ ಬೇರೆ. 2010ರ ಆ ಪ್ರಯೋಗ ಮುಖ್ಯ ಅನ್ನೋದು ಇದಕ್ಕೇ. ಆದರೆ ಹುಲ್ಲಿಗೂ ಈಗಾಗಲೇ ಒಬ್ಬ ಗಿರಾಕಿ ಇದ್ದಾನೆ, ದನ.

ಎರಡನೆಯದು, ಹಿಂಡಿ ಎಲ್ಲಿ? ಗಾಣ ಎಣ್ಣೆ ಮಾತ್ರ ಕೊಡ್ತಿರಲಿಲ್ಲ. ಹಿಂಡಿ ಕೊಡ್ತಿತ್ತು. ಹಿಂಡಿ ಎಮ್ಮೆಗೆ, ಎಮ್ಮೆಯ ಸೆಗಣಿ ಹೊಲಕ್ಕೆ, ಹೊಲದಿಂದ ಮತ್ತೆ ಬೀಜ. ನನ್ನಂಥ ಹಳ್ಳಿ ಹುಡುಗರ ಶಾಲೆ ಫೀಸು ಬಂದದ್ದು ಬಹಳ ಸಲ ಎಣ್ಣೆಯಿಂದಲ್ಲ, ಆ ಹಾಲಿನಿಂದ. ಸ್ಟೀಲ್ ಟ್ಯಾಂಕಿನ ಕಾರ್ಖಾನೆ ಎಷ್ಟೇ ಚೆನ್ನಾಗಿ ಎಣ್ಣೆ ಕೊಟ್ಟರೂ ಊರಿನ ಕೊಟ್ಟಿಗೆಗೆ ಹಿಂಡಿ ಕಳಿಸಲ್ಲ. ಎಣ್ಣೆಯ ರೇಟನ್ನು ಮಾತ್ರ ಹೋಲಿಸೋ ಯಾವ ಲೆಕ್ಕವೂ ಪೂರ್ತಿ ಲೆಕ್ಕ ಅಲ್ಲ.

ಮೂರನೆಯದು, ಮಾಲೀಕ ಯಾರು? 1980ರ ತೀರ್ಪಿನ ನಂತರ ಅಮೆರಿಕದಲ್ಲಿ ರೂಪಿಸಿದ ಬ್ಯಾಕ್ಟೀರಿಯಾಗೂ ಪೇಟೆಂಟ್ ಸಿಗ್ತದೆ. ನಮ್ಮ ಕಾನೂನು ಗಿಡ, ಪ್ರಾಣಿಗಳಿಗೆ ಪೇಟೆಂಟ್ ಬೇಡ ಅಂದರೂ ಸೂಕ್ಷ್ಮಜೀವಿಗಳಿಗೆ ಬಾಗಿಲು ತೆರೆದಿದೆ. ಸಾಫ್ಟ್‌ವೇರ್‌ನಲ್ಲಿ ನಾವು ಓಪನ್ ಸೋರ್ಸ್ ಅನ್ನೋದನ್ನು ಕಟ್ಟಿಕೊಂಡಿದ್ದೇ ಇಂಥ ಭಯದಿಂದ. ಸಾರ್ವಜನಿಕ ದುಡ್ಡಿನಲ್ಲಿ ನಡೆಯೋ ಬೆಂಗಳೂರು, ಮೈಸೂರು, ಹೈದರಾಬಾದಿನ ಪ್ರಯೋಗಾಲಯಗಳು ಈ ವಿದ್ಯೆಯನ್ನು ಕೈಬಿಡಬಾರದು ಅನ್ನೋದಕ್ಕೆ ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ. ನಾಳೆ ನಮ್ಮ ತೌಡು, ನಮ್ಮ ಹುಲ್ಲು ತಿಂದು ದುಬಾರಿ ಕೊಬ್ಬಿನಾಮ್ಲ ಕೊಡೋ ತಳಿ ಬೇಕಾದ್ರೆ, ಅದನ್ನು ಬೇರೆಯವರ ಹತ್ತಿರ ಬಾಡಿಗೆಗೆ ತರೋ ಪರಿಸ್ಥಿತಿ ಬರಬಾರದು.

ಸದ್ಯಕ್ಕೆ ಸೂರ್ಯನ ಪುಕ್ಕಟೆ ಸಕ್ಕರೆ ಗೆಲ್ತಾ ಇದೆ. ಅಡುಗೆ ಎಣ್ಣೆಯಲ್ಲಿ ಬ್ಯಾಕ್ಟೀರಿಯಾ ಕುಸುಬಿಯನ್ನು ಸೋಲಿಸೋ ದಿನ ಹತ್ತಿರದಲ್ಲೇನೂ ಇಲ್ಲ. ಸಿಕ್ಕಿರೋ ಈ ಸಮಯದಲ್ಲಿ ಒಣಬೇಸಾಯದ ಎಣ್ಣೆಬೀಜಕ್ಕೆ ನ್ಯಾಯವಾದ ರೇಟು, ರೋಗ ತಡೆಯೋ ತಳಿ, ತಾಲೂಕಿನಲ್ಲೇ ಎಣ್ಣೆ ತೆಗೆಯೋ ಘಟಕ ಇವನ್ನು ಕೊಟ್ಟುಕೊಂಡರೆ, ಟ್ಯಾಂಕಿನ ಎಣ್ಣೆ ಬಂದ ದಿನ ನಮ್ಮ ರೈತ ಅದರ ಜೊತೆ ಚೌಕಾಸಿಗೆ ಕೂರೋ ಸ್ಥಿತಿಯಲ್ಲಿ ಇರ್ತಾನೆ. 1994ರಲ್ಲಿ ಅವನಿಗೆ ಆ ಅವಕಾಶ ಯಾರೂ ಕೊಟ್ಟಿರಲಿಲ್ಲ.